ಕೈಯ ಅಂದಾಜು ಸಾಲದು: ಶಾಖಚಿಕಿತ್ಸೆಯಲ್ಲಿ ಉಷ್ಣಮಾನದ ಲೆಕ್ಕ

ಊರು ಬಿಟ್ಟು ಬಂದು ಮುಂಬಯಿಯಲ್ಲಿ ನೆಲೆನಿಂತ ನಮ್ಮ ಜನರಿಗೆ ಬೇರೆ ಆಸ್ತಿ ದೊರೆಯಿತೋ ಇಲ್ಲವೋ, ಸೊಂಟನೋವು ಮತ್ತು ಮೊಣಕಾಲುನೋವು ಎಂಬ ಎರಡು ಆಸ್ತಿಗಳಂತೂ ತಪ್ಪದೆ ದೊರೆತಿವೆ. ಬೆಳಗಿನ ನಾಲ್ಕು ಗಂಟೆಗೆ ಎದ್ದು ರಾತ್ರಿಯವರೆಗೆ ಒಲೆಯ ಮುಂದೆ ನಿಲ್ಲುವ ಅಡುಗೆಯವರು, ಗಲ್ಲೆಯ ಮುಂದೆ ಕುಳಿತ ಸ್ಥಳದಿಂದ ಏಳದ ಮಾಲೀಕರು, ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಕಚೇರಿಗೆ ಹೋಗಿಬರುವ ಗುಮಾಸ್ತರು, ಲಿಫ್ಟಿಲ್ಲದ ಚಾಳಿನ ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯುವ ತಾಯಂದಿರು, ಇವರಲ್ಲಿ ಐವತ್ತು ದಾಟಿದವರ ಪೈಕಿ ನೋವಿಲ್ಲದವರನ್ನು ಹುಡುಕಬೇಕು. ಆದಕಾರಣವೇ ಇಂದು ಗಲ್ಲಿಗೊಂದರಂತೆ ಫಿಸಿಯೋಥೆರಪಿಯ ಕೇಂದ್ರಗಳು ತಲೆಯೆತ್ತಿವೆ. ಅವುಗಳಿಂದ ಸಾವಿರಾರು ಜನರಿಗೆ ಉಪಕಾರವಾಗುತ್ತಿದೆ ಎಂಬುದರಲ್ಲಿ ಸಂದೇಹವಿಲ್ಲ. ಅವುಗಳನ್ನು ನಿಂದಿಸುವುದು ಈ ಲೇಖನದ ಉದ್ದೇಶವೂ ಅಲ್ಲ. ಅಲ್ಲಿ ನಿತ್ಯವೂ ನಡೆಯಬೇಕಾದ, ಆದರೆ ಎಷ್ಟೋ ಕಡೆ ನಡೆಯದೆ ಉಳಿದಿರುವ ಒಂದು ಚಿಕ್ಕ ಕೆಲಸದ ಕಡೆಗೆ ವಾಚಕರ ಗಮನವನ್ನು ಸೆಳೆಯುವುದಷ್ಟೇ ನನ್ನ ಉದ್ದೇಶ.

ಆ ಕೆಲಸವೆಂದರೆ, ರೋಗಿಯ ಮೈಮೇಲಿಡುವ ಬಿಸಿ ಎಷ್ಟು ಡಿಗ್ರಿಯದು ಎಂದು ಅಳೆದು ನೋಡಿ ಬರೆದಿಡುವುದು.

ನಾನು ವೈದ್ಯನಲ್ಲ. ನನ್ನ ಓದು ಎಸ್.ಎಸ್.ಎಲ್.ಸಿ.ಗೇ ಮುಗಿಯಿತು. ಆದರೆ ಪತ್ರಿಕೆಯ ಮೇಜಿಗೆ ಬರುವ ಮೊದಲು ಅನೇಕ ವರ್ಷ ಹೊಟೇಲು ನಡೆಸಿದವನಾದ್ದರಿಂದ ಬಿಸಿ ಎಂಬ ವಸ್ತುವಿನೊಡನೆ ನನಗೆ ಹಳೆಯ ಪರಿಚಯವುಂಟು. ಆ ಪರಿಚಯವೇ ಒಮ್ಮೆ ನನ್ನನ್ನು ಈ ವಿಷಯದೊಳಗೆ ಎಳೆದು ತಂದಿತು.

ಭಟ್ಟರ ಮೊಣಕಾಲು

ನಮ್ಮ ಹೊಟೇಲಿನಲ್ಲಿ ಒಬ್ಬ ಹಿರಿಯ ಅಡುಗೆಯವರಿದ್ದರು. ಎಲ್ಲರೂ ಅವರನ್ನು ಭಟ್ಟರೆಂದೇ ಕರೆಯುತ್ತಿದ್ದರು. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ, ಅದರ ಸದ್ದನ್ನು ಕೇಳಿಯೇ ದೋಸೆ ಹೊಯ್ಯುವ ಹದವನ್ನು ಹೇಳುತ್ತಿದ್ದ ಕೈ ಅವರದು. ಅರುವತ್ತು ಸಮೀಪಿಸಿದಾಗ ಮೊಣಕಾಲುನೋವು ಅವರನ್ನು ಹಿಡಿಯಿತು. ಅದಕ್ಕಿಂತ ಹತ್ತು ಹನ್ನೆರಡು ವರ್ಷ ಮೊದಲೇ ಮಧುಮೇಹವೂ ಅಂಟಿಕೊಂಡಿತ್ತು. ಡಾಕ್ಟರರು ಫಿಸಿಯೋಥೆರಪಿ ಮಾಡಿಸಿಕೊಳ್ಳುವಂತೆ ಚೀಟಿ ಬರೆದುಕೊಟ್ಟರು. ಸಮೀಪದ ಒಂದು ಕೇಂದ್ರಕ್ಕೆ ನಾನೇ ಅವರನ್ನು ಕಳುಹಿಸಿದೆ.

ಮೊದಲ ನಾಲ್ಕು ದಿನ ಅವರಿಗೆ ಬಹಳ ಸುಖವೆನಿಸಿತು. ಐದನೆಯ ದಿನ ಬೆಳಗ್ಗೆ ಕೇಂದ್ರ ತೆರೆದೊಡನೆ ಹೋದರು. ಬಿಸಿ ಚೀಲವನ್ನು ಮೊಣಕಾಲಿನ ಮೇಲಿಟ್ಟು ಇಪ್ಪತ್ತು ನಿಮಿಷ ಮಲಗಿಸಿದರು. ಹಿಂದಿರುಗಿ ಬಂದು ಎಂದಿನಂತೆ ಕೆಲಸ ಮಾಡಿದರು. ರಾತ್ರಿ ಪಂಚೆಯನ್ನು ಎತ್ತಿ ನೋಡಿಕೊಂಡಾಗ ಮೊಣಕಾಲಿನ ಕೆಳಭಾಗದಲ್ಲಿ ಅಂಗೈಯಗಲದ ನೀರುಗುಳ್ಳೆ ಎದ್ದಿತ್ತು. "ಧಣಿಗಳೆ, ಬಿಸಿ ತಾಗಿದ್ದೇ ನನಗೆ ಗೊತ್ತಾಗಲಿಲ್ಲ. ಹಿತವಾಗಿದೆಯೆ ಎಂದು ಆ ಹುಡುಗ ಕೇಳಿದ. ಹಿತವಾಗಿದೆ ಎಂದೇ ಹೇಳಿದೆ" ಎಂದು ಅವರು ತಾವೇ ತಪ್ಪು ಮಾಡಿದವರಂತೆ ನುಡಿದರು.

ಮಧುಮೇಹಿಯ ಸುಟ್ಟಗಾಯ ಬೇಗ ಮಾಯುವುದಿಲ್ಲ. ಅದು ಕೀವುಗೂಡಿತು, ಆಸ್ಪತ್ರೆಯ ಮಂಚ ಬೇಕಾಯಿತು. ಎರಡೂವರೆ ತಿಂಗಳು ಅವರು ಒಲೆಯ ಮುಂದೆ ನಿಲ್ಲಲಿಲ್ಲ. ಕಾಲು ಉಳಿದದ್ದೇ ಪುಣ್ಯವೆಂದು ಡಾಕ್ಟರರು ಹೇಳಿದರು. ಊರಿನಲ್ಲಿದ್ದ ಅವರ ಮನೆಯವರಿಗೆ ತಿಂಗಳು ತಿಂಗಳು ಹೋಗುತ್ತಿದ್ದ ಹಣದ ಗತಿಯೇನಾಯಿತೆಂಬುದನ್ನು ಬರೆಯುವ ಅಗತ್ಯವಿಲ್ಲ. ಮುಂಬಯಿಯಲ್ಲಿ ದುಡಿಯುವ ನಮ್ಮವರಿಗೆ ಅದು ತಾನಾಗಿ ತಿಳಿಯುತ್ತದೆ.

ಮಾರನೆಯ ದಿನವೇ ಜಗಳ ಕಾಯುವ ಮನಸ್ಸಿನಿಂದ ನಾನು ಆ ಕೇಂದ್ರಕ್ಕೆ ಹೋದೆ. ಹೋಗುವಾಗ ಅಡುಗೆಮನೆಯಲ್ಲಿದ್ದ, ಲೋಹದ ಕಡ್ಡಿಯುಳ್ಳ ಥರ್ಮಾಮೀಟರನ್ನು ಜೇಬಿನಲ್ಲಿ ಹಾಕಿಕೊಂಡೆ. ಅಲ್ಲಿದ್ದ ಚಿಕಿತ್ಸಕರು ಪದವೀಧರರಾದ ಸೌಮ್ಯ ಯುವಕರು. ನನ್ನ ಮಾತು ಕೇಳಿ ಅವರ ಮುಖ ಬಿಳಿಚಿತು. "ಈ ತೊಟ್ಟಿಯ ನೀರಿನ ಉಷ್ಣಮಾನ ಎಷ್ಟಿರಬೇಕು?" ಎಂದು ಕೇಳಿದೆ. "70ರಿಂದ 75 ಡಿಗ್ರಿ" ಎಂದು ಒಡನೆ ಸರಿಯಾದ ಉತ್ತರವನ್ನೇ ಕೊಟ್ಟರು. "ಈಗ ಎಷ್ಟಿದೆ?" ಎಂದೆ. ಅವರು ತೊಟ್ಟಿಯ ಗುಂಡಿಯನ್ನು ತೋರಿಸಿದರು. ಗುಂಡಿಯ ಸುತ್ತ 1ರಿಂದ 6ರವರೆಗೆ ಅಂಕೆಗಳಿದ್ದವು, ಅವು ಡಿಗ್ರಿಗಳಲ್ಲ. ನನ್ನ ಕಡ್ಡಿಯನ್ನು ನೀರಿನಲ್ಲಿ ಅದ್ದಿದೆವು. ಅದು 84 ತೋರಿಸಿತು. ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ವಿದ್ಯೆಯಿತ್ತು, ಸದ್ಬುದ್ಧಿಯಿತ್ತು, ಯಂತ್ರವಿತ್ತು. ಕೆಲವು ನೂರು ರೂಪಾಯಿಗಳ ಒಂದು ಥರ್ಮಾಮೀಟರು ಮಾತ್ರ ಇರಲಿಲ್ಲ.

ಈ ಚಿಕಿತ್ಸೆ ಬಂದ ದಾರಿ

ನೋವಿಗೆ ಶಾಖ ಕೊಡುವುದು ನಮಗೆ ಹೊಸತಲ್ಲ. ಬಿಸಿ ಉಪ್ಪಿನ ಗಂಟು, ಹುರಿದ ಮರಳಿನ ಗಂಟು, ಎಕ್ಕದ ಎಲೆಯ ಶಾಖ, ಬಾಣಂತಿಯ ಬಿಸಿನೀರಿನ ಸ್ನಾನ, ಇವೆಲ್ಲ ಅಜ್ಜಿಯಂದಿರ ಕಾಲದಿಂದ ಬಂದವು. ಬಿಸಿಯಿಂದ ರಕ್ತಸಂಚಾರ ಹೆಚ್ಚುತ್ತದೆ, ಬಿಗಿದ ಸ್ನಾಯು ಸಡಿಲುತ್ತದೆ, ನೋವಿನ ಅರಿವು ತಗ್ಗುತ್ತದೆ. ಆಮೇಲೆ ಮಾಡಿಸುವ ವ್ಯಾಯಾಮ ಸುಲಭವಾಗುತ್ತದೆ. ಶಾಖವೇ ಚಿಕಿತ್ಸೆಯ ಸರ್ವಸ್ವವಲ್ಲ, ವ್ಯಾಯಾಮಕ್ಕೆ ಅದು ಪೀಠಿಕೆ ಮಾತ್ರ ಎಂದು ತಿಳಿದ ಚಿಕಿತ್ಸಕರೆಲ್ಲರೂ ಹೇಳುತ್ತಾರೆ.

ಆಧುನಿಕ ಚಿಕಿತ್ಸೆಯಲ್ಲಿ ಬಿಸಿಗೆ ಹೆಸರು ತಂದವರಲ್ಲಿ ಆಸ್ಟ್ರೇಲಿಯದ ಎಲಿಜಬೆತ್ ಕೆನ್ನಿ ಎಂಬ ದಾದಿ ಮುಖ್ಯರು. ಪೋಲಿಯೋ ತಗಲಿದ ಮಕ್ಕಳ ಕೈಕಾಲುಗಳನ್ನು ಪಟ್ಟಿಕಟ್ಟಿ ಅಲುಗದಂತೆ ಇಡುತ್ತಿದ್ದ ಕಾಲದಲ್ಲಿ, ಆಕೆ ಉಣ್ಣೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಶಾಖ ಕೊಟ್ಟು ಮಕ್ಕಳ ಸ್ನಾಯುಗಳಿಗೆ ಮೆಲ್ಲನೆ ಚಲನೆ ಕಲಿಸಿದರು. 1940ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಅವರ ವಿಧಾನ ಜಗತ್ತಿಗೆಲ್ಲ ತಿಳಿಯಿತು. ಆ ಬಟ್ಟೆಯನ್ನು ಒಂದು ಹನಿ ನೀರೂ ತೊಟ್ಟಿಕ್ಕದಂತೆ ಹಿಂಡಿಯೇ ಮೈಗೆ ಸುತ್ತಬೇಕೆಂಬುದು ಅವರ ಕಟ್ಟುನಿಟ್ಟು. ಉಳಿದ ಒಂದು ಹನಿ ಕುದಿನೀರು ಮಗುವಿನ ಚರ್ಮವನ್ನು ಸುಡಲು ಸಾಕಲ್ಲವೆ? ಶಾಖಚಿಕಿತ್ಸೆಯೊಡನೆ ಅದರ ಎಚ್ಚರಿಕೆಯೂ ಹುಟ್ಟಿತೆನ್ನಬಹುದು.

ನಮ್ಮ ದೇಶದಲ್ಲಿ ಈ ವಿದ್ಯೆ ಬೇರೂರಿದುದು ನಮ್ಮ ಮುಂಬಯಿಯಲ್ಲಿಯೇ ಎಂಬುದು ಇಲ್ಲಿನ ಕನ್ನಡಿಗರು ನೆನೆಯತಕ್ಕ ಸಂಗತಿ. 1950ರ ದಶಕದ ಆರಂಭದಲ್ಲಿ ಈ ನಗರದಲ್ಲಿ ಪೋಲಿಯೋ ಹಾವಳಿ ಎದ್ದಾಗ, ಮಕ್ಕಳ ಕೈಕಾಲುಗಳಿಗೆ ಮತ್ತೆ ಬಲ ತರುವವರು ಬೇಕಾದರು. 1953ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಫಿಸಿಯೋಥೆರಪಿಯ ಶಾಲೆ ಆರಂಭವಾಯಿತು. ಆ ಪೋಲಿಯೋ ಇಂದು ನಮ್ಮ ನಾಡಿನಿಂದ ತೊಲಗಿದೆ. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೆ ಅದರ ನಿಮಿತ್ತ ಬಂದ ವಿದ್ಯೆ ಉಳಿದು ಬೆಳೆದು, ಇಂದು ಭಟ್ಟರ ಮೊಣಕಾಲಿನವರೆಗೂ ಬಂದಿದೆ.

ಬಿಸಿಯೂ ಕಾಲವೂ

ಸುಡುವುದು ಬಿಸಿಯೊಂದೇ ಅಲ್ಲ, ಬಿಸಿಯೂ ಕಾಲವೂ ಕೂಡಿ ಸುಡುತ್ತವೆ. ಈ ಲೆಕ್ಕವನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ವಿದ್ವಾಂಸರು 1947ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗಗಳ ಪ್ರಕಾರ ಚರ್ಮದ ಉಷ್ಣಮಾನ 44 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಂತರೆ ಸುಟ್ಟಗಾಯವಾಗಲು ಸುಮಾರು 6 ಗಂಟೆ ಬೇಕು. 49 ಡಿಗ್ರಿಯಲ್ಲಿ 9-10 ನಿಮಿಷ ಸಾಕು. 60 ಡಿಗ್ರಿಯಲ್ಲಿ ಸುಮಾರು 5 ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ. ಡಿಗ್ರಿ ಒಂದೊಂದಾಗಿ ಏರುತ್ತದೆ, ಆದರೆ ಅಪಾಯ ಹಾರಿ ಹಾರಿ ಏರುತ್ತದೆ.

ಇತ್ತ ಚಿಕಿತ್ಸೆಯಿಂದ ಗುಣ ಸಿಗಬೇಕಾದರೆ ಅಂಗದ ಬಿಸಿ ಸುಮಾರು 40ರಿಂದ 45 ಡಿಗ್ರಿಯೊಳಗೆ ಬರಬೇಕು. ಅದಕ್ಕಿಂತ ಕಡಿಮೆಯಾದರೆ ಪ್ರಯೋಜನವಿಲ್ಲ, ಹೆಚ್ಚಾದರೆ ಗಾಯ. ಉಪಕಾರಕ್ಕೂ ಅಪಕಾರಕ್ಕೂ ನಡುವೆ ಇರುವುದು ಕೆಲವೇ ಡಿಗ್ರಿಗಳ ಅಂತರ. ಇಷ್ಟು ಇಕ್ಕಟ್ಟಾದ ಗಡಿಯನ್ನು ಕೈಯಿಂದ ಮುಟ್ಟಿ ತಿಳಿಯುತ್ತೇನೆ ಎನ್ನುವುದು ಸಾಹಸವೇ ಸರಿ. ದಿನವೂ ಬಿಸಿ ಚೀಲಗಳನ್ನು ಎತ್ತುವವರ ಅಂಗೈ ಬಿಸಿಗೆ ಒಗ್ಗಿಹೋಗಿರುತ್ತದೆ. ನಮ್ಮ ಭಟ್ಟರು ಕಾವಲಿಯ ಅಂಚನ್ನು ಬರಿಗೈಯಿಂದ ಸರಿಸುತ್ತಿದ್ದರು. ನನ್ನ ಕೈಗೆ ಅದು ಸಾಧ್ಯವಿರಲಿಲ್ಲ. ಇಬ್ಬರ ಕೈಗಳಲ್ಲಿ ಯಾವುದು ಥರ್ಮಾಮೀಟರು?

ಚಿಕಿತ್ಸಕರ ಕೈ ಹೇಗೋ ರೋಗಿಯ ಚರ್ಮವೂ ಹಾಗೆಯೇ. "ಬಿಸಿ ಹೆಚ್ಚಾದರೆ ಹೇಳಿ" ಎಂದು ಹೇಳಿ ಹೊರಟುಹೋಗುವುದು ಎಲ್ಲೆಡೆಯ ರೂಢಿ. ಆದರೆ ಹೇಳಬೇಕಾದ ನರವೇ ಮೂಕವಾಗಿದ್ದರೆ? ದೀರ್ಘಕಾಲದ ಮಧುಮೇಹದಲ್ಲಿ ಪಾದದಿಂದ ಮೇಲಕ್ಕೆ ಸ್ಪರ್ಶಜ್ಞಾನ ಮೆಲ್ಲಮೆಲ್ಲನೆ ಇಳಿಯುತ್ತ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾದಾಗ, ನಮ್ಮ ದೇಶದಲ್ಲಿ 10 ಕೋಟಿಗೂ ಮೇಲ್ಪಟ್ಟು ಮಧುಮೇಹಿಗಳಿದ್ದಾರೆಂದು ತಿಳಿದುಬಂತು. ಪಕ್ಷವಾತ ಬಡಿದವರು, ಬೆನ್ನುಹುರಿಗೆ ಏಟು ಬಿದ್ದವರು, ತೀರ ವಯಸ್ಸಾದವರು, ನಿದ್ರೆಯ ಇಲ್ಲವೆ ನೋವಿನ ಮಾತ್ರೆ ನುಂಗಿ ಬಂದವರು, ಇವರ ಚರ್ಮವೂ ನಂಬಿಕೆಗೆ ಅರ್ಹವಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಖ್ಯಾತರಾದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ಕಂಡುಕೊಂಡ ಸತ್ಯವೂ ಇದೇ. ಆ ರೋಗಿಗಳ ಬೆರಳುಗಳು ನಷ್ಟವಾಗುತ್ತಿದ್ದುದು ಬಹುಮಟ್ಟಿಗೆ ನೋವಿನ ಅರಿವಿಲ್ಲದೆ ಆಗುತ್ತಿದ್ದ ಸುಟ್ಟಗಾಯ ಮತ್ತು ತರಚುಗಾಯಗಳಿಂದ. ನೋವು ಶತ್ರುವಲ್ಲ, ಕಾವಲುಗಾರ. ಕಾವಲುಗಾರನಿಲ್ಲದ ಮನೆಗೆ ಬೀಗವಾದರೂ ಗಟ್ಟಿಯಾಗಿರಬೇಡವೆ?

ಆದುದರಿಂದಲೇ ಶಾಖ ಕೊಡುವ ಮೊದಲು ಆ ಜಾಗದ ಸ್ಪರ್ಶಜ್ಞಾನವನ್ನು ಪರೀಕ್ಷಿಸಬೇಕೆಂಬ ನಿಯಮವಿದೆ. ಎರಡು ಗಾಜಿನ ನಳಿಗೆಗಳಲ್ಲಿ ಒಂದರಲ್ಲಿ ಬೆಚ್ಚನೆಯ ನೀರು, ಇನ್ನೊಂದರಲ್ಲಿ ತಣ್ಣೀರು ತುಂಬಿ, ರೋಗಿ ಕಣ್ಣು ಮುಚ್ಚಿರುವಾಗ ಒಂದೊಂದನ್ನೇ ತಾಗಿಸಿ "ಬಿಸಿಯೋ ತಂಪೋ" ಎಂದು ಕೇಳಬೇಕು. ಎರಡೇ ನಿಮಿಷದ ಕೆಲಸ. ಭಟ್ಟರಿಗೆ ಅದನ್ನು ಮಾಡಿದ್ದರೆ ಆ ಎರಡು ನಿಮಿಷ ಎರಡೂವರೆ ತಿಂಗಳನ್ನು ಉಳಿಸುತ್ತಿತ್ತು.

ಒಂದೊಂದು ಸಾಧನಕ್ಕೂ ಒಂದೊಂದು ಸ್ವಭಾವ

ಬಿಸಿ ಚೀಲ, ಎಂದರೆ ಹಾಟ್ ಪ್ಯಾಕು, ಬೆಂಟೋನೈಟ್ ಎಂಬ ಜಾತಿಯ ಜೇಡಿಯನ್ನು ದಪ್ಪ ಬಟ್ಟೆಯ ಅಂಕಣಗಳಲ್ಲಿ ತುಂಬಿ ಹೊಲಿದುದು. ಅದು ನೀರನ್ನು ಹೀರಿ ಉಬ್ಬಿ, ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಅದನ್ನು ಉಕ್ಕಿನ ತೊಟ್ಟಿಯಲ್ಲಿ 70ರಿಂದ 75 ಡಿಗ್ರಿಯ ನೀರಿನಲ್ಲಿ ಮುಳುಗಿಸಿಡುತ್ತಾರೆ. ಹಾಲಿನ ಡೇರಿಗಳಲ್ಲಿ ರೋಗಾಣುಗಳನ್ನು ಕೊಲ್ಲಲು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುತ್ತಾರೆಂಬುದನ್ನು ನೆನೆದರೆ ಈ ಬಿಸಿಯ ಪ್ರಮಾಣ ಅರ್ಥವಾದೀತು. ಇಂಥ ಚೀಲ ಮೈಯನ್ನು ಸುಡದಿರುವುದು ನಡುವೆ ಇರುವ ಟವೆಲಿನ ಆರೇಳು ಪದರುಗಳ ದಯೆಯಿಂದ. ಟವೆಲು ತೆಳುವಾದರೆ, ಒದ್ದೆಯಾದರೆ, ಅಥವಾ ರೋಗಿ ಚೀಲದ ಮೇಲೆಯೇ ಮಲಗಿ ಪದರುಗಳು ಅದುಮಿಹೋದರೆ ಆ ರಕ್ಷೆ ತಪ್ಪಿತು. ಚರ್ಮದ ಬಿಸಿ ಮೊದಲ ಎಂಟು ಹತ್ತು ನಿಮಿಷ ಏರುತ್ತಲೇ ಇರುತ್ತದೆ. ಆದಕಾರಣ ಐದು ನಿಮಿಷಕ್ಕೊಮ್ಮೆ ಚೀಲವನ್ನು ಎತ್ತಿ ಚರ್ಮವನ್ನು ಕಣ್ಣಾರೆ ನೋಡಬೇಕು. ತೊಟ್ಟಿಯ ನೀರು ಆವಿಯಾಗಿ ಇಳಿಯುವುದನ್ನೂ ಗಮನಿಸಬೇಕು. ರಾತ್ರಿಯಿಡೀ ಮುಚ್ಚಳ ಮುಚ್ಚಿ ಕಾದ ತೊಟ್ಟಿಗೂ, ಹತ್ತು ಸಲ ತೆರೆದು ಮುಚ್ಚಿದ ಸಂಜೆಯ ತೊಟ್ಟಿಗೂ ವ್ಯತ್ಯಾಸವಿರಬಹುದು. ಅದರಲ್ಲೂ ಬಿಸಿಯನ್ನು ತಡೆಯುವ ಥರ್ಮೋಸ್ಟಾಟು ಕೆಟ್ಟು ಅಂಟಿಕೊಂಡಿದ್ದರೆ, ಬೆಳಗಿನ ಮೊದಲ ರೋಗಿಯೇ ಅದರ ಮೊದಲ ಬಲಿ. ಭಟ್ಟರ ವಿಷಯದಲ್ಲಿ ನಡೆದುದು ಇದೇ.

ಮೇಣದ ತೊಟ್ಟಿಯ ಸ್ವಭಾವ ಬೇರೆ. ಸಂಧಿವಾತದಿಂದ ಬೆರಳು ಬಿಗಿದವರು ಕೈಯನ್ನು ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿ ತೆಗೆಯುತ್ತಾರೆ. ಅದರ ಉಷ್ಣಮಾನ ಸಾಮಾನ್ಯವಾಗಿ 52ರಿಂದ 54 ಡಿಗ್ರಿ. ಅಷ್ಟೇ ಬಿಸಿಯ ನೀರಿನಲ್ಲಿ ಕೈಯಿಟ್ಟರೆ ಸುಟ್ಟುಹೋಗುವ ಕೈ ಮೇಣದಲ್ಲಿ ಸುಡುವುದಿಲ್ಲ. ಏಕೆಂದರೆ ಮೇಣ ನೀರಿನಷ್ಟು ಶಾಖವನ್ನು ಒಡಲಲ್ಲಿ ಹಿಡಿಯದು, ಹಿಡಿದುದನ್ನೂ ನಿಧಾನವಾಗಿ ಬಿಡುತ್ತದೆ. ಚರ್ಮಕ್ಕೆ ತಾಗಿದೊಡನೆ ಗಟ್ಟಿಯಾಗಿ ತಾನೇ ಒಂದು ಕವಚವಾಗುತ್ತದೆ. ಆದರೆ ಕೈ ಒದ್ದೆಯಾಗಿದ್ದರೆ ಚರ್ಮಕ್ಕೂ ಮೇಣಕ್ಕೂ ನಡುವೆ ಸಿಕ್ಕಿಬಿದ್ದ ನೀರಿನ ಹನಿ ಕಾದು ಸುಡುತ್ತದೆ. ಬೆರಳು ಅಲುಗಾಡಿಸಿದರೆ ಕವಚ ಬಿರಿದು ಬಿಸಿ ಮೇಣ ಒಳಗಿಳಿಯುತ್ತದೆ. ತೊಟ್ಟಿಯ ತಳ ಅಂಚುಗಳಿಗಿಂತ ಬಿಸಿಯಾಗಿರುವುದರಿಂದ ಅದನ್ನು ಮುಟ್ಟಕೂಡದು. ಉಂಗುರ ಬಳೆಗಳನ್ನು ತೆಗೆದು, ಕೈ ತೊಳೆದು, ಸಂಪೂರ್ಣವಾಗಿ ಒರೆಸಿ, ಥರ್ಮಾಮೀಟರು ನೋಡಿದ ಮೇಲೆಯೇ ಕೈ ಅದ್ದತಕ್ಕದ್ದು.

ಮೂರನೆಯದು ಅಳತೆಗೆ ಸಿಗದ ಬಿಸಿ. ಇನ್‌ಫ್ರಾರೆಡ್ ದೀಪದಲ್ಲಿಯೂ, ವಿದ್ಯುತ್ಕಾಂತ ತರಂಗಗಳಿಂದ ಮಾಂಸದೊಳಗೇ ಬಿಸಿ ಹುಟ್ಟಿಸುವ ಶಾರ್ಟ್‌ವೇವ್ ಡಯಾಥರ್ಮಿಯಲ್ಲಿಯೂ ಅದ್ದಿ ನೋಡಲು ನೀರಿಲ್ಲ. ದೀಪದ ಅಂತರ, ಸಮಯ ಮತ್ತು ರೋಗಿಯ ಅನುಭವ, ಇವೇ ಅಲ್ಲಿ ಅಳತೆಗೋಲು. ಆದ್ದರಿಂದ ಸ್ಪರ್ಶಜ್ಞಾನ ಇಲ್ಲದವರಿಗೆ ಅವು ಸಲ್ಲವು. ಶರೀರದಲ್ಲಿ ಲೋಹದ ಕಂಬಿ, ಮೊಳೆ, ಕೃತಕ ಕೀಲು ಇರುವವರು ಮತ್ತು ಹೃದಯಕ್ಕೆ ಪೇಸ್‌ಮೇಕರು ಹಾಕಿಸಿಕೊಂಡವರು ಡಯಾಥರ್ಮಿಗೆ ಒಪ್ಪಕೂಡದು, ಕೇಳುವ ಮೊದಲೇ ಹೇಳಿಬಿಡಬೇಕು.

ತಂಪು ನಿರಪಾಯವೆಂದು ಭಾವಿಸುವವರೂ ಉಂಟು. ಕರಗುತ್ತಿರುವ ಮಂಜುಗಡ್ಡೆ 0 ಡಿಗ್ರಿಗಿಂತ ಕೆಳಗಿಳಿಯದು. ಆದರೆ ಫ್ರೀಜರಿನಿಂದ ತೆಗೆದ ಜೆಲ್ಲಿನ ಚೀಲ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರಬಲ್ಲದು, ಮೆತ್ತಗೆ ಇರುವುದರಿಂದ ಅದರ ಕ್ರೌರ್ಯ ಕಾಣುವುದಿಲ್ಲ. ಅದನ್ನು ಬರಿಮೈಗೆ ಇಟ್ಟರೆ ಚರ್ಮ ಹೆಪ್ಪುಗಟ್ಟಿ, ಬೆಂಕಿ ಸುಟ್ಟಂತೆಯೇ ಗಾಯವಾಗುತ್ತದೆ.

ಥರ್ಮಾಮೀಟರೂ ಪುಸ್ತಕವೂ

ಹಾಗಾದರೆ ಆಗಬೇಕಾದುದೇನು? ಹೊಟೇಲಿನವನ ಬುದ್ಧಿಗೆ ತೋಚುವ ಉತ್ತರ ತೀರ ಸರಳವಾದುದು. ಅಡುಗೆಮನೆಯಲ್ಲಿ ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕೆಂದು ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಬರೆಯುತ್ತಿದ್ದೆವು. ಮೊದಮೊದಲು ನಾನೂ ಗೊಣಗಿದವನೇ. ಬರೆಯಲಾರಂಭಿಸಿದ ಮೇಲೆ ಹಾಳೆಯ ಮಹತ್ವ ತಿಳಿಯಿತು. ಒಂದು ಮಳೆಗಾಲದಲ್ಲಿ ಅಂಕೆಗಳು ದಿನಕ್ಕೊಂದು ಡಿಗ್ರಿಯಂತೆ ಏರುವುದನ್ನು ಕಂಡು, ಹಾಲು ಕೆಡುವ ಮೊದಲೇ ಫ್ರಿಜ್ಜಿನವರನ್ನು ಕರೆಸಿದೆವು. ಒಂದು ದಿನದ ಅಳತೆ ಅಂದಿನ ಸ್ಥಿತಿಯನ್ನು ಹೇಳುತ್ತದೆ. ಸಾಲಾಗಿ ಬರೆದ ಅಳತೆ ನಾಳಿನ ಕೇಡನ್ನೂ ಹೇಳುತ್ತದೆ. ಇಡ್ಲಿಗೆ ಇಷ್ಟು ಲೆಕ್ಕ ಇಡುವ ನಾವು ಮನುಷ್ಯನ ಚರ್ಮಕ್ಕೆ ಇಡಬಾರದೆ?

ಚಿಕಿತ್ಸಾಕೇಂದ್ರಗಳಲ್ಲಿಯೂ ಬೆಳಗ್ಗೆ ಮೊದಲ ರೋಗಿ ಬರುವ ಮುನ್ನ ಒಮ್ಮೆ, ಮಧ್ಯಾಹ್ನ ಮತ್ತೊಮ್ಮೆ ನೀರಿನ ಮತ್ತು ಮೇಣದ ಉಷ್ಣಮಾನ ಅಳೆಯಬೇಕು. ಅಳೆಯುವ ಮುನ್ನ ನೀರನ್ನು ಕಲಕಬೇಕು, ಏಕೆಂದರೆ ಬಿಸಿನೀರು ಮೇಲೇರಿ ನಿಲ್ಲುತ್ತದೆ. ದಿನಾಂಕ, ವೇಳೆ, ಡಿಗ್ರಿ, ನೀರಿನ ಮಟ್ಟ, ಅಳೆದವರ ಸಹಿ, ಐದು ಕಲಮುಗಳ ಒಂದು ಪುಸ್ತಕ ಸಾಕು. ಅಳತೆ ಮಿತಿ ಮೀರಿದ್ದರೆ ಏನು ಮಾಡಬೇಕೆಂಬುದನ್ನು ಆ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿರಬೇಕು: ತೊಟ್ಟಿಯನ್ನು ನಿಲ್ಲಿಸುವುದು, ಮುಚ್ಚಳಕ್ಕೆ ಕೆಂಪು ಪಟ್ಟಿ ಕಟ್ಟುವುದು, ರಿಪೇರಿಯಾಗಿ ಮತ್ತೆ ಅಳೆಯುವವರೆಗೆ ಯಾರಿಗೂ ಬಳಸದಿರುವುದು. "ಇವತ್ತಿನ ಮಟ್ಟಿಗೆ ಒಂದು ಟವೆಲು ಹೆಚ್ಚು ಸುತ್ತೋಣ" ಎಂಬ ರಾಜಿಗೆ ಅವಕಾಶವಿರಕೂಡದು.

ಯಾವ ಥರ್ಮಾಮೀಟರು ಎಂಬುದೂ ವಿಚಾರಾರ್ಹ. ಜ್ವರ ನೋಡುವ ಥರ್ಮಾಮೀಟರು 42-43 ಡಿಗ್ರಿಗೇ ಮುಗಿಯುವುದರಿಂದ ಇಲ್ಲಿ ನಿರುಪಯೋಗಿ. 2020ರ ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಸಾಧನವೂ ಮೈಬಿಸಿಗೆ ಮಾತ್ರ ಹೊಂದಿಸಿದುದು. ಲೋಹದ ಕಡ್ಡಿಯುಳ್ಳ, ಕನಿಷ್ಠ 100 ಡಿಗ್ರಿಯವರೆಗೆ ಅಳೆಯುವ ಡಿಜಿಟಲ್ ಥರ್ಮಾಮೀಟರು ಉತ್ತಮ. ಗಾಜಿನದು ತೊಟ್ಟಿಯಲ್ಲಿ ಒಡೆದರೆ ಬೇರೊಂದು ವಿಪತ್ತು.

ಅಳೆಯುವ ಸಾಧನವನ್ನೂ ಅಳೆಯಬೇಕಷ್ಟೆ. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಕಲಕಿ ಕಡ್ಡಿಯಿಟ್ಟರೆ ಅದು 0 ತೋರಿಸಬೇಕು. ಕುದಿಯುವ ನೀರಿನಲ್ಲಿ ಇಟ್ಟರೆ, ಸಮುದ್ರದ ದಂಡೆಯಲ್ಲಿರುವ ಮುಂಬಯಿ ಮತ್ತು ಚೆನ್ನೈಗಳಲ್ಲಿ 100ರ ಹತ್ತಿರ ತೋರಿಸಬೇಕು. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಯಲ್ಲಿಯೇ ಕುದಿಯುವುದರಿಂದ ಪುಣೆ ಮತ್ತು ಹೈದರಾಬಾದುಗಳಲ್ಲಿ ಸುಮಾರು 98, ಬೆಂಗಳೂರಿನಲ್ಲಿ ಸುಮಾರು 97 ಬಂದರೆ ಗಾಬರಿಪಡಬೇಕಾದುದಿಲ್ಲ. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ ಅದೇ ಪುಸ್ತಕದಲ್ಲಿ ಬರೆಯಬಹುದು. ಇದರ ಜೊತೆಗೆ ಯಂತ್ರದ ತಜ್ಞರಿಂದ ವರ್ಷಕ್ಕೊಮ್ಮೆಯಾದರೂ ಥರ್ಮೋಸ್ಟಾಟು, ತಂತಿ, ಅರ್ತಿಂಗುಗಳ ತಪಾಸಣೆ ಆಗಬೇಕು. ನೀರು ಮತ್ತು ವಿದ್ಯುತ್ತು ಒಂದೇ ಪೆಟ್ಟಿಗೆಯಲ್ಲಿ ವಾಸಿಸುತ್ತಿವೆ ಎಂಬುದನ್ನು ಮರೆಯಲಾಗದು.

ಫಿಸಿಯೋಥೆರಪಿಯೇ ಮೊದಲಾದ ವೃತ್ತಿಗಳ ಶಿಕ್ಷಣ ಮತ್ತು ಗುಣಮಟ್ಟಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಕಾಯದೆಯನ್ನು ತಂದಿದೆ. ಅದು ಸ್ವಾಗತಾರ್ಹ. ಆದರೆ ಯಾವ ಕಾಯದೆಯೂ ಬೆಳಗ್ಗೆ ಎಂಟು ಗಂಟೆಗೆ ತೊಟ್ಟಿಯ ಬಳಿ ಬಂದು ನಿಲ್ಲುವುದಿಲ್ಲ. ಅಲ್ಲಿ ನಿಲ್ಲುವವನು ಹೆಚ್ಚಾಗಿ ಕಡಿಮೆ ಸಂಬಳದ ಒಬ್ಬ ಸಹಾಯಕ. ಥರ್ಮಾಮೀಟರನ್ನು ಅವನ ಕೈಗೆ ಕೊಟ್ಟು, ಏಕೆ ಅಳೆಯಬೇಕೆಂದು ತಿಳಿಹೇಳಿ, "ಬಿಸಿ ಹೆಚ್ಚಾಗಿದೆ" ಎಂದು ಅವನು ಹೇಳಿದ ದಿನ ಗದರಿಸದೆ ಮೆಚ್ಚುವ ಮಾಲೀಕ ಬೇಕು.

ರೋಗಿಗಳಾದ ನಾವು

ಇನ್ನು ನಮ್ಮ ಪಾಲಿನ ಕೆಲಸ. ಡಾಕ್ಟರರನ್ನು ಪ್ರಶ್ನಿಸುವುದು ಮರ್ಯಾದೆಯಲ್ಲವೆಂಬ ಸಂಕೋಚ ನಮ್ಮವರಲ್ಲಿ ಬಹಳ. ಹೋಟೆಲಿನಲ್ಲಿ "ಚಟ್ನಿ ಇವತ್ತಿನದೇ ಏನು?" ಎಂದು ಕೇಳುವ ಗಿರಾಕಿ ಚಿಕಿತ್ಸೆಯ ಮಂಚದ ಮೇಲೆ ಮೌನಿಯಾಗುತ್ತಾನೆ. ಆ ಮೌನವನ್ನು ಮುರಿಯೋಣ. ಮೂರೇ ಪ್ರಶ್ನೆಗಳು ಸಾಕು: ಇಂದು ನೀರಿನ ಉಷ್ಣಮಾನ ಎಷ್ಟಿದೆ? ನನ್ನ ಚರ್ಮಕ್ಕೆ ಬಿಸಿ ತಿಳಿಯುತ್ತದೆಯೆ ಎಂದು ನೋಡಿದಿರಾ? ನಡುವೆ ಬಂದು ಚರ್ಮ ನೋಡುವವರು ಯಾರು? ಒಳ್ಳೆಯ ಚಿಕಿತ್ಸಕರು ಇದರಿಂದ ಕೋಪಿಸಿಕೊಳ್ಳುವುದಿಲ್ಲ. ಮಧುಮೇಹ, ಹಳೆಯ ಶಸ್ತ್ರಚಿಕಿತ್ಸೆ, ಕಾಲಿನ ಜೋಮು, ತೆಗೆದುಕೊಳ್ಳುವ ಮಾತ್ರೆಗಳು, ಇವನ್ನು ಮುಚ್ಚಿಡದೆ ಹೇಳುವುದು ನಮ್ಮ ಕರ್ತವ್ಯ. ಬಿಸಿಯನ್ನು ತಾಳಿಕೊಳ್ಳುವುದು ಶೌರ್ಯವಲ್ಲ. ಶಾಖದ ಸುಖವೆಂದರೆ ಹಿತವಾದ ಬೆಚ್ಚಗೆ, ಅದಕ್ಕಿಂತ ಹೆಚ್ಚಿನದು ಬೇಡ.

ಮನೆಯಲ್ಲಿ ರಬ್ಬರಿನ ಬಿಸಿನೀರಿನ ಚೀಲ ಬಳಸುವವರಿಗೂ ಇದೇ ಮಾತು. ಕುದಿನೀರು ತುಂಬದಿರಿ, ಬಟ್ಟೆ ಸುತ್ತದೆ ಇಡದಿರಿ, ಇಟ್ಟುಕೊಂಡು ನಿದ್ರೆ ಹೋಗದಿರಿ. ಕಾಲಿನ ಸ್ಪರ್ಶಜ್ಞಾನ ಕಳೆದ ಹಿರಿಯರಿಗೆ ಅದನ್ನು ಕೊಡಲೇಬೇಡಿ.

ಇಷ್ಟಾಗಿಯೂ ಚರ್ಮ ಸುಟ್ಟರೆ, ಆ ಜಾಗವನ್ನು ಒಡನೆಯೇ ಹರಿಯುವ ತಣ್ಣನೆಯ ನಲ್ಲಿನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ ಬೇಡ. ತುಪ್ಪ, ಅರಸಿನ, ಟೂತ್‌ಪೇಸ್ಟು, ಶಾಯಿ ಯಾವುದೂ ಬೇಡ. ಗುಳ್ಳೆಯನ್ನು ಒಡೆಯದೆ, ಶುಚಿಯಾದ ಬಟ್ಟೆ ಮುಚ್ಚಿ ಡಾಕ್ಟರರ ಬಳಿಗೆ ಹೋಗಿ. ಮಧುಮೇಹಿಗಳು ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಅಂದೇ ಹೋಗತಕ್ಕದ್ದು.

ಭಟ್ಟರು ಗುಣವಾಗಿ ಬಂದು ಮತ್ತೆ ಮೂರು ವರ್ಷ ನಮ್ಮಲ್ಲಿ ಕೆಲಸ ಮಾಡಿದರು. ಆದರೆ ಕುಳಿತು ಮಾಡುವ ಕೆಲಸ ಮಾತ್ರ. ಕಾವಲಿಯ ಮುಂದೆ ಮತ್ತೆ ನಿಲ್ಲಲಾಗಲಿಲ್ಲ. ಈಗ ಊರಿನಲ್ಲಿದ್ದಾರೆ. ಆ ಚಿಕಿತ್ಸಾಕೇಂದ್ರ ಈಗಲೂ ಅಲ್ಲಿಯೇ ಇದೆ. ಜಗಳ ಮಾಡಲು ಹೋದ ನಾನು ಥರ್ಮಾಮೀಟರನ್ನು ಅಲ್ಲಿಯೇ ಬಿಟ್ಟು ಬಂದಿದ್ದೆ. ಕಳೆದ ತಿಂಗಳು ನನ್ನದೇ ಕುತ್ತಿಗೆ ನೋವಿಗಾಗಿ ಅಲ್ಲಿಗೆ ಹೋದಾಗ, ತೊಟ್ಟಿಯ ಮೇಲಿನ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ ಪುಸ್ತಕ ಕಂಡಿತು. ಅಂದಿನ ತಾರೀಖಿನ ಮುಂದೆ, ಸಹಾಯಕ ಹುಡುಗನ ಕೈಬರಹದಲ್ಲಿ, 73 ಎಂದು ಬರೆದಿತ್ತು. ನಾನು ಕೇಳುವ ಮೊದಲೇ ಆ ಹುಡುಗ ಎರಡು ನಳಿಗೆಗಳನ್ನು ಹಿಡಿದುಕೊಂಡು ಬಂದು, "ಕಣ್ಣು ಮುಚ್ಚಿ, ಸಾಹೇಬರೆ" ಎಂದನು.